ಸಾಂಜಾ ಮತ್ಸುರಿ ಹಬ್ಬದಲ್ಲಿ ಮಿಕೋಶಿಗೆ, ಅಂದರೆ ದೇವರ ಪಲ್ಲಕ್ಕಿಗೆ, ಹೆಗಲು ಕೊಡಲು ಕರೆದಿದ್ದಾರೆ. ಹೊರಗಿನವರು ಹೊರಬಹುದೇ?

ಸುಮಿದಾ ದಂಡೆ
ಟೋಕಿಯೋದ ಅಸಾಕುಸಾ ಪಕ್ಕದ ಬೀದಿಯಲ್ಲಿ ನಮ್ಮ ಮನೆ. ಇಲ್ಲಿನ ಚೋಕಾಯ್, ಅಂದರೆ ಬೀದಿ ಸಂಘದ ಹಿರಿಯರೊಬ್ಬರು ಕಸ ಇಡುವ ಜಾಗದಲ್ಲಿ ಸಿಕ್ಕಾಗಲೆಲ್ಲ ನನ್ನ ಹೆಗಲನ್ನೇ ದಿಟ್ಟಿಸುತ್ತಿದ್ದರು. ಮೊನ್ನೆ ಕಡೆಗೂ ಬಾಯಿಬಿಟ್ಟರು: ಮೇ ತಿಂಗಳ ಸಾಂಜಾ ಮತ್ಸುರಿಯಲ್ಲಿ ಮಿಕೋಶಿ ಹೊರಲು ಬರುತ್ತೀರಾ ಎಂದು. ಸಂಘದ ಹಂತೆನ್ ಅಂಗಿಯನ್ನು ಅವರೇ ಕೊಡುತ್ತಾರಂತೆ.

ನನಗೆ ಆಸೆ ಇಲ್ಲದೆ ಇಲ್ಲ. ಆದರೆ ಕಳೆದ ಹಬ್ಬದಲ್ಲಿ ಒಂದು ಸಂಗತಿ ಕಣ್ಣಿಗೆ ಬಿದ್ದಿತ್ತು. ನಮ್ಮ ಬೀದಿಯ ಮಿಕೋಶಿ ಹೊತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬೇರೆ ಊರುಗಳಿಂದ ಬಂದ ಹವ್ಯಾಸಿ ಗುಂಪಿನವರು. ಇದೇ ಬೀದಿಯಲ್ಲಿ ಹುಟ್ಟಿ ಬೆಳೆದ ಅಜ್ಜಂದಿರು ಮಡಚುವ ಕುರ್ಚಿಗಳಲ್ಲಿ ಕುಳಿತು ಬಾರ್ಲಿ ಚಹಾ ಕುಡಿಯುತ್ತಿದ್ದರು. ಹಾಗಾದರೆ ಇದು ಯಾರ ಹಬ್ಬ? ನಾನೂ ಹೋದರೆ ಆ ಲೆಕ್ಕಕ್ಕೆ ಇನ್ನೊಬ್ಬ ಸೇರಿದಂತಾಗುವುದಿಲ್ಲವೇ? ಹೊತ್ತವರು, ಹತ್ತಿರದಿಂದ ಕಂಡವರು ಹೇಳಿ. ದಯವಿಟ್ಟು "ಚೆನ್ನಾಗಿರುತ್ತದೆ, ಹೋಗಿ" ಎಂಬ ಉತ್ತರ ಮಾತ್ರ ಬೇಡ.

ಕಡಲೆಪುರಿ
ಚೆನ್ನಾಗಿರುತ್ತದೆ, ಹೋಗಿ.

ನಿಶಿಕಸಾಯ್ ನಂಟು
ಯಾವ ದಿನಕ್ಕೆ ಕರೆದಿದ್ದಾರೆ ಎಂದು ಮೊದಲು ಕೇಳಿಕೊಳ್ಳಿ. ಮೇ ತಿಂಗಳ ಮೂರನೆಯ ವಾರಾಂತ್ಯದ ಮೂರೂ ದಿನ ನಡೆಯುವುದು ಒಂದೇ ಅಲ್ಲ. ಶುಕ್ರವಾರ ಮೆರವಣಿಗೆ, ಮರದ ಪಟ್ಟಿಗಳನ್ನು ಪೋಣಿಸಿದ ವಾದ್ಯ ಹಿಡಿದು ಆಡುವ ಬಿನ್‌ಜಾಸರಾ ಕುಣಿತ. ಶನಿವಾರ ಬೀದಿಗಳ ಮಿಕೋಶಿ. ಅಸಾಕುಸಾ ದೇಗುಲಕ್ಕೆ ಸೇರಿದ 44 ಬೀದಿ ಸಂಘಗಳಿವೆ. ಮಕ್ಕಳದ್ದೂ ಸೇರಿ ಸುಮಾರು ನೂರು ಮಿಕೋಶಿಗಳು ಪಕ್ಕದ ಬೌದ್ಧ ಮಂದಿರ ಸೆನ್ಸೋಜಿಯ ಮುಖ್ಯ ಕಟ್ಟಡದ ಹಿಂದೆ ಜಮಾಯಿಸಿ, ಒಂದೊಂದಾಗಿ ದೇಗುಲದ ಮುಂದೆ ಹೋಗಿ ಶುದ್ಧಿ ಮಾಡಿಸಿಕೊಂಡು ತಮ್ಮ ಬೀದಿಗೆ ಮರಳುತ್ತವೆ. ಭಾನುವಾರ ಬೆಳಿಗ್ಗೆ 6 ಗಂಟೆಗೆ ದೇಗುಲದ ಸ್ವಂತ ಮೂರು ದೊಡ್ಡ ಮಿಕೋಶಿಗಳು ಹೊರಡುತ್ತವೆ. ಒಂದೊಂದೂ ಹೆಚ್ಚುಕಡಿಮೆ ಒಂದು ಟನ್. ಮೂರೂ ಬೇರೆ ಬೇರೆ ದಾರಿ ಹಿಡಿದು, ಒಂದು ಬೀದಿಯವರಿಂದ ಇನ್ನೊಂದು ಬೀದಿಯವರ ಹೆಗಲಿಗೆ ಹೋಗುತ್ತ, ಕತ್ತಲಾದ ಮೇಲೆ ದೇಗುಲಕ್ಕೆ ಮರಳುತ್ತವೆ.

ನಿಮ್ಮನ್ನು ಕರೆದಿರುವುದು ಬಹುಶಃ ಶನಿವಾರಕ್ಕೆ. ಭಾನುವಾರದ ಕೋಲಿಗೆ ಹೆಗಲು ತಾಗಿಸುವುದಕ್ಕೇ ಪೈಪೋಟಿ. ಅಲ್ಲಿ ನಿಮ್ಮ ಸಂಘದ ಹಂತೆನ್ ಇಲ್ಲದೆ ಹತ್ತಿರ ಸುಳಿಯುವ ಹಾಗಿಲ್ಲ.

ಹಳೆಪೇಟೆ
ಮೂವರು ಮೀನುಗಾರರನ್ನು ದೇವರು ಮಾಡಿ ಹೊತ್ತು ಮೆರೆಸುವ ಹಬ್ಬ ತಾನೇ ಇದು? ಹಾಗೆ ನೋಡಿದರೆ ಸಾಮಾನ್ಯ ಜನರದ್ದೇ ಹಬ್ಬ. ಹೊರಗಿನವರು ಒಳಗಿನವರು ಎಂಬ ತಕರಾರಿಗೆ ಅರ್ಥವಿಲ್ಲ.

ಚರಿತ್ರೆಹುಳು
ಮೀನುಗಾರರು ಇಬ್ಬರು. ಹಿನೊಕುಮಾ ಹಮನಾರಿ, ಹಿನೊಕುಮಾ ತಕೆನಾರಿ ಎಂಬ ಸೋದರರು. 628ರಲ್ಲಿ ಸುಮಿದಾ ನದಿಯಲ್ಲಿ ಬಲೆ ಹಾಕಿದಾಗ ಒಂದು ವಿಗ್ರಹ ಸಿಕ್ಕಿತು ಎಂಬುದು ಐತಿಹ್ಯ. ಮೂರನೆಯವನು ಹಾಜಿ ನೊ ನಕತೊಮೊ, ಊರಿನ ಪ್ರಮುಖ. ಅದು ಕಾನ್ನೊನ್, ಅಂದರೆ ನಮ್ಮ ಅವಲೋಕಿತೇಶ್ವರ, ಎಂದು ಗುರುತಿಸಿ ತನ್ನ ಮನೆಯನ್ನೇ ಮಂದಿರ ಮಾಡಿದವನು ಅವನು. ಆ ಮಂದಿರವೇ ಸೆನ್ಸೋಜಿ. ಈ ಮೂವರಿಗೆ ಕಟ್ಟಿದ ದೇಗುಲ ಪಕ್ಕದ ಅಸಾಕುಸಾ ಜಿಂಜಾ. ವಿಗ್ರಹವನ್ನು ಯಾರಿಗೂ ತೋರಿಸುವುದಿಲ್ಲ, ಅದು ಮಿಕೋಶಿ ಏರುವುದೂ ಇಲ್ಲ. ಬೀದಿ ಸುತ್ತುವವರು ಅದನ್ನು ಕಂಡ ಮೂವರು.

ಬೌದ್ಧ ಮಂದಿರ ಮತ್ತು ಶಿಂತೋ ದೇಗುಲ ಒಂದೇ ಆವರಣದಲ್ಲಿ ಹೇಗೆ ಎಂದು ಕೇಳುವವರಿಗೆ: 1868ರಲ್ಲಿ ಮೇಜಿ ಸರ್ಕಾರ ಎರಡನ್ನೂ ಬೇರ್ಪಡಿಸುವ ಆದೇಶ ಹೊರಡಿಸುವವರೆಗೆ ಎರಡೂ ಒಟ್ಟಿಗೇ ಇದ್ದವು. ಕಾಗದದ ಮೇಲೆ ಬೇರೆಯಾದವು. ಜನ ಈಗಲೂ ಒಂದೇ ಸುತ್ತಿನಲ್ಲಿ ಎರಡು ಕಡೆಯೂ ಕೈಮುಗಿದು ಹೋಗುತ್ತಾರೆ.

ಹಳೆಪೇಟೆ
ಇಬ್ಬರೋ ಮೂವರೋ, ನನ್ನ ವಾದ ಅದಲ್ಲವಲ್ಲ ಸ್ವಾಮಿ.

ಒಂಟಿಸಲಗ
ನಿಮ್ಮ ವಾದವೇ ನನಗೆ ಒಪ್ಪಿಗೆಯಿಲ್ಲ. ಹೊರಗಿನವರಿಗೆ ಬಾಗಿಲು ತೆರೆದಾಗ ಏನಾಯಿತು ಎಂದು ನೆನಪಿಸುತ್ತೇನೆ. ಹೋಗುತ್ತಿರುವ ಮಿಕೋಶಿಯ ಕೋಲುಗಳ ಮೇಲೆ ಹತ್ತಿ ನಿಂತು ಕೂಗಾಡುವುದು ಕೆಲವರಿಗೆ ಚಟವಾಗಿತ್ತು. ದೇವರು ಕುಳಿತಿರುವಾಗ ಅದರ ಮೇಲೆ ಕಾಲಿಡುವುದು ಅಪಚಾರ ಎಂದು ದೇಗುಲ ಎಷ್ಟು ಹೇಳಿದರೂ ಕೇಳಲಿಲ್ಲ. 2007ರಲ್ಲಿ ಪೊಲೀಸರು ಬಂಧಿಸಿದ್ದೂ ಆಯಿತು. ಕಡೆಗೆ 2008ರಲ್ಲಿ ಮೂರು ದೊಡ್ಡ ಮಿಕೋಶಿಗಳನ್ನು ದೇಗುಲ ಹೊರಗೆ ಬಿಡಲೇ ಇಲ್ಲ. ಬೀದಿಯವರು ಇಡೀ ವರ್ಷ ಕಾದದ್ದು ಯಾರದೋ ಮೋಜಿನಿಂದ ತಪ್ಪಿಹೋಯಿತು. ಸುಮಿದಾ ದಂಡೆ ಅವರೇ, ನಿಮ್ಮ ಅಳುಕು ಸರಿಯಾಗಿದೆ.

ಬಸವನಹುಳು
ಸಲಗದವರೇ, ನೀವು ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬುತ್ತಿದ್ದೀರಿ. ಹತ್ತಿ ನಿಂತವರಲ್ಲಿ ಯಾಕುಜಾ ಎಂಬ ಭೂಗತ ಗುಂಪುಗಳ ನಂಟಿನವರು ಇದ್ದರು ಎಂಬುದು ಆಗಿನ ಪತ್ರಿಕೆಗಳಲ್ಲೇ ಬಂದಿತ್ತು. ಮೈತುಂಬ ಹಚ್ಚೆ ಹೊಯ್ಯಿಸಿಕೊಂಡು, ಅಂಗಿ ಕಳಚಿ ಮೇಲೇರಿ ನಿಂತು ಫೋಟೋಕ್ಕೆ ಮುಖ ಕೊಡುವವರೇ ಬೇರೆ. ಪ್ರತಿ ವಾರಾಂತ್ಯ ಯಾವುದೋ ಬೀದಿಗೆ ಹೋಗಿ ಬಿಟ್ಟಿ ಹೆಗಲು ಕೊಟ್ಟು, ಒಂದು ಅನ್ನದ ಉಂಡೆ ತಿಂದು ರೈಲು ಹತ್ತಿ ಮನೆಗೆ ಹೋಗುವ ಗುಮಾಸ್ತರೇ ಬೇರೆ. ಎರಡನೆಯವರು ಇಲ್ಲದಿದ್ದರೆ ಟೋಕಿಯೋದ ಎಷ್ಟೋ ಮಿಕೋಶಿಗಳು ಉಗ್ರಾಣ ಬಿಟ್ಟು ಕದಲುವುದಿಲ್ಲ.

ಒಂಟಿಸಲಗ
ಕದಲದಿದ್ದರೆ ಕದಲದೆ ಇರಲಿ. ಹೊರುವ ಜನ ಇಲ್ಲದ ಬೀದಿ ಚಿಕ್ಕ ಮಿಕೋಶಿ ಹೊರಲಿ. ಕೂಲಿಯಾಳು ಕರೆಸಿ ಭಕ್ತಿ ತೋರಿಸಬೇಕೇ?

ಬಸವನಹುಳು
ಕೂಲಿ ಎಲ್ಲಿ ಕೊಡುತ್ತಾರೆ? ತಿರುಗಿ ಅವರೇ ಬೀದಿ ಸಂಘಕ್ಕೆ ಲಕೋಟೆಯಲ್ಲಿ ಕಾಣಿಕೆ ಅಥವಾ ಸಾಕೆ ಎಂಬ ಅಕ್ಕಿ ಮದ್ಯದ ಸೀಸೆ ತಂದುಕೊಡುತ್ತಾರೆ.

ಕಿಯೋತೋ ಕಾವೇರಿ
ಇಲ್ಲಿ ಎಲ್ಲರೂ ಟೋಕಿಯೋದ ಅಳತೆಗೋಲನ್ನೇ ಹಿಡಿದಿದ್ದೀರಿ, ಸ್ವಲ್ಪ ಪಶ್ಚಿಮಕ್ಕೂ ಬನ್ನಿ. ಕಿಯೋತೋದ ಗಿಯೋನ್ ಹಬ್ಬಕ್ಕೆ 869ರ ಸಾಂಕ್ರಾಮಿಕ ರೋಗದ ಕಾಲದ ಮೂಲ ಹೇಳುತ್ತಾರೆ. ಪ್ರವಾಸಿಗರು ಜುಲೈ 17ರ ಬೆಳಿಗ್ಗೆ ಆ ದೊಡ್ಡ ಬಂಡಿಗಳನ್ನು ನೋಡಿ, ಹಬ್ಬ ಮುಗಿಯಿತು ಎಂದು ಹೋಟೆಲಿಗೆ ಹೋಗಿ ಮಲಗುತ್ತಾರೆ. ದೇವರು ಹೊರಡುವುದೇ ಸಂಜೆ! ಯಾಸಕಾ ದೇಗುಲದ ಮೂರು ಮಿಕೋಶಿಗಳು ಶಿಜೋ ರಸ್ತೆಯ ತಂಗುಮನೆಗೆ ಹೋಗಿ ಒಂದು ವಾರ ಅಲ್ಲೇ ಇದ್ದು 24ರ ರಾತ್ರಿ ಹಿಂದಿರುಗುತ್ತವೆ. ಬೆಳಗಿನ ಬಂಡಿಗಳು ಅವುಗಳಿಗೆ ಬೀದಿ ಶುದ್ಧಿ ಮಾಡುವ ಮುಂಗಾವಲು ಅಷ್ಟೇ.

ಅಲ್ಲಿ ಮಿಕೋಶಿಗೊಂದು ಹೊರುವವರ ಸಂಘ ನಿಗದಿಯಾಗಿದೆ. ಅವುಗಳಲ್ಲಿ ಒಂದು ನಿಶಿಕಿ ಮಾರುಕಟ್ಟೆಯವರದು. ವರ್ಷವಿಡೀ ಮೀನು, ಉಪ್ಪಿನಕಾಯಿ ಮಾರುವವರು ಆ ರಾತ್ರಿ ಬಿಳಿ ಅಂಗಿ ತೊಟ್ಟು "ಹೊಯ್ತೊ ಹೊಯ್ತೊ" ಎಂದು ಬರುತ್ತಾರೆ. ಅವರಲ್ಲಿಯೂ ಹೊರಗಿನಿಂದ ಸೇರಿದವರಿದ್ದಾರೆ. ಆದರೆ ಹೊಣೆ ಯಾರದು ಎಂಬ ಬಗ್ಗೆ ಗೊಂದಲವಿಲ್ಲ. ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಅದು: ಕೋಲು ಮುರಿದರೆ, ಅಂಗಡಿಯ ಗಾಜು ಒಡೆದರೆ, ಯಾರಾದರೂ ಕಾಲಡಿಗೆ ಸಿಕ್ಕರೆ ಮರುದಿನ ಹೋಗಿ ತಲೆಬಾಗಿ ಕ್ಷಮೆ ಕೇಳುವವರು ಯಾರು? ಹಬ್ಬ ಅವರದು.

ಮುಂಗಾರು
ಕಾವೇರಿ ಮೇಡಂ, ಕಿಯೋತೋ ಅಷ್ಟು ಮಾದರಿಯಾಗಿದ್ದರೆ ಆ ಮೆರವಣಿಗೆಯ ನಗಿನಾತ ಬಂಡಿಗೆ ಇವತ್ತಿಗೂ ಹೆಂಗಸರು ಹತ್ತುವ ಹಾಗಿಲ್ಲ ಏಕೆ? ಅಸಾಕುಸಾದಲ್ಲಿ ಹೆಂಗಸರು ಗಂಡಸರ ಜೊತೆ ಒಂದೇ ಕೋಲಿಗೆ ಹೆಗಲು ಕೊಡುತ್ತಾರೆ, ಹೆಂಗಸರೇ ಹೊರುವ ಮಿಕೋಶಿಗಳೂ ಇವೆ. ಜನ ಸಾಲದಾದಾಗಲೇ ಎಷ್ಟೋ ಕಡೆ ಆ ಬಾಗಿಲು ತೆರೆದದ್ದು. ಹೊರಗಿನವರ ವಿಷಯವೂ ಹಾಗೆಯೇ. ಇಂದು ತಕರಾರು ತೆಗೆಯುವವರು ನಾಳೆ ಅದನ್ನೇ ಸಂಪ್ರದಾಯ ಎನ್ನುತ್ತಾರೆ.

ಕಿಯೋತೋ ಕಾವೇರಿ
ಮಾದರಿ ಎಂದು ನಾನು ಎಲ್ಲಿ ಹೇಳಿದೆ? ಆ ನಿಯಮ ನನಗೂ ಇಷ್ಟವಿಲ್ಲ. ಅದಕ್ಕೂ ಹೊಣೆಯ ಪ್ರಶ್ನೆಗೂ ಸಂಬಂಧವಿಲ್ಲ.

ಕಡಲೆಪುರಿ
ಒಂದು ಮೂಲಭೂತ ಸಂದೇಹ. ದೇವರನ್ನು ಕೂರಿಸಿ ಯಾಕೆ ಅಷ್ಟೊಂದು ಕುಲುಕುತ್ತಾರೆ? ನಮ್ಮಲ್ಲಿ ಅಡ್ಡಪಲ್ಲಕ್ಕಿ ಸ್ವಲ್ಪ ವಾಲಿದರೆ ಅರ್ಚಕರು ಮುಖ ಕೆಂಪಗೆ ಮಾಡಿಕೊಳ್ಳುತ್ತಾರೆ.

ಚರಿತ್ರೆಹುಳು
ಕುಲುಕಿದರೆ ಒಳಗಿನ ದೈವದ ಶಕ್ತಿ ಎಚ್ಚೆತ್ತು ಬೀದಿಗೆಲ್ಲ ಹರಡುತ್ತದೆ, ಸುಗ್ಗಿ ಚೆನ್ನಾಗಿ ಆಗುತ್ತದೆ, ರೋಗ ದೂರವಾಗುತ್ತದೆ ಎಂಬ ನಂಬಿಕೆ. ಒಳಗೆ ಇರುವುದು ಮೂರ್ತಿಯಲ್ಲ. ಹಬ್ಬಕ್ಕೆ ಮುನ್ನ ದೀಪ ಆರಿಸಿ ಕತ್ತಲೆಯಲ್ಲಿ ಪುರೋಹಿತರು ದೈವವನ್ನು ಮಿಕೋಶಿಗೆ ಬರಮಾಡಿಕೊಳ್ಳುತ್ತಾರೆ. ಕಣ್ಣಿಗೆ ಕಾಣುವುದು ಅರಗುಬಣ್ಣ, ಚಿನ್ನದ ಲೇಪದ ಲೋಹದ ಪಟ್ಟಿಗಳು, ತೋರಿ ಎಂಬ ದೇಗುಲದ ಹೆಬ್ಬಾಗಿಲಿನ ಚಿಕ್ಕ ಮಾದರಿ, ತುದಿಯಲ್ಲಿ ರೆಕ್ಕೆ ಹರಡಿದ, ಫೀನಿಕ್ಸಿನಂಥ ಹೋಓ ಹಕ್ಕಿ. ಕೆಲವು ಕಡೆ ಅದರ ಕೊಕ್ಕಿಗೆ ಭತ್ತದ ತೆನೆಯನ್ನೂ ಸಿಕ್ಕಿಸುತ್ತಾರೆ.

ಇದರ ಮೂಲ ಕೇಳಿದರೆ ಸಾಮಾನ್ಯವಾಗಿ 749ನ್ನು ಹೇಳುತ್ತಾರೆ. ನಾರಾದ ತೋದಾಯ್‌ಜಿ ಮಂದಿರದಲ್ಲಿ ದೊಡ್ಡ ಬುದ್ಧನ ಮೂರ್ತಿಯ ಕೆಲಸ ನಡೆಯುತ್ತಿದ್ದಾಗ, ಕ್ಯೂಶೂವಿನ ಉಸಾದಿಂದ ಹಾಚಿಮಾನ್ ದೇವರು ನೇರಳೆ ಬಣ್ಣದ ಪಲ್ಲಕ್ಕಿಯಲ್ಲಿ ಬಂದನಂತೆ. ಆಮೇಲಿನ ಕಥೆ ಇನ್ನೂ ಸ್ವಾರಸ್ಯ. ಹಿಯೇ ಬೆಟ್ಟದ ಎನ್ರ್ಯಾಕುಜಿ ಮಠದ ಭಿಕ್ಷುಗಳಿಗೆ ರಾಜಧಾನಿಯ ಮೇಲೆ ಸಿಟ್ಟು ಬಂದಾಗಲೆಲ್ಲ ಬೆಟ್ಟದ ಬುಡದ ಹಿಯೇ ದೇಗುಲದ ಮಿಕೋಶಿಗಳನ್ನು ಹೊತ್ತು ಕಿಯೋತೋಗೆ ಇಳಿಯುತ್ತಿದ್ದರು. ದೇವರಿಗೆ ಬಾಣ ಬಿಡುವವರು ಯಾರು? ಬೇಡಿಕೆ ಈಡೇರದಿದ್ದರೆ ಮಿಕೋಶಿಯನ್ನು ಬೀದಿಯಲ್ಲೇ ಬಿಟ್ಟು ಹೋಗುತ್ತಿದ್ದರು. ಅದನ್ನು ಮುಟ್ಟಲು ಅಧಿಕಾರಿಗಳಿಗೆ ಪ್ರಾಣಭಯ. ನನ್ನ ಮಾತು ಕೇಳದವು ಮೂರೇ: ಕಾಮೊ ನದಿಯ ನೀರು, ಪಗಡೆಯ ದಾಳ, ಬೆಟ್ಟದ ಭಿಕ್ಷುಗಳು ಎಂದು ಶಿರಾಕಾವಾ ಚಕ್ರವರ್ತಿ ಗೊಣಗಿದ್ದು ಹೀಗೆ. ಮಿಕೋಶಿ ಶುದ್ಧ ಭಕ್ತಿಯ ವಸ್ತುವಾಗಿತ್ತು, ಈಗ ಕೆಟ್ಟಿತು ಎನ್ನುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಒಂಟಿಸಲಗ
ಭಿಕ್ಷುಗಳು ಗೂಂಡಾಗಿರಿ ಮಾಡಿದ್ದರು, ಆದ್ದರಿಂದ ಈಗಿನವರು ಮೇಲೆ ಹತ್ತಿ ಕುಣಿಯಬಹುದು. ಚೆನ್ನಾಗಿದೆ ತರ್ಕ.

ಹಿಮೇಜಿ ಹಾದಿ
ಕುಲುಕುವುದಕ್ಕೇ ಬೆಚ್ಚಿದರೆ ಹೇಗೆ ಕಡಲೆಪುರಿ ಅವರೇ? ಅಕ್ಟೋಬರ್ 14, 15ಕ್ಕೆ ಹಿಮೇಜಿಗೆ ಬನ್ನಿ. ನಾದಾದ ಜಗಳದ ಹಬ್ಬದಲ್ಲಿ ಮಾತ್ಸುಬಾರಾ ಹಾಚಿಮಾನ್ ದೇಗುಲದ ಮೂರು ಮಿಕೋಶಿಗಳನ್ನು ಒಂದಕ್ಕೊಂದು ಡಿಕ್ಕಿ ಹೊಡೆಸುತ್ತಾರೆ. ಮರ ಸೀಳುವ ಸದ್ದು ಗುಡ್ಡದ ಮೇಲಿನ ಜನರಿಗೂ ಕೇಳಿಸುತ್ತದೆ. ಎಷ್ಟು ಜಜ್ಜಿದರೆ ದೇವರಿಗೆ ಅಷ್ಟು ಸಂತೋಷವಂತೆ. ಅಲ್ಲಿ ಮಾತ್ರ ಹೊರಗಿನವರು ಕೋಲು ಮುಟ್ಟುವ ಕನಸೂ ಕಾಣಬೇಡಿ. ಅದು ಊರೂರಿನ ಮಾನದ ಪ್ರಶ್ನೆ.

ಮಳೆಬಿಲ್ಲು
ನೋತೋ ಪ್ರದೇಶದ ಹೆಸರು ಯಾರೂ ಎತ್ತಲಿಲ್ಲವಲ್ಲ. ಅಲ್ಲಿನ ಉಶಿತ್ಸುವಿನ ಅಬಾರೆ ಹಬ್ಬದಲ್ಲಿ ಮಿಕೋಶಿಯನ್ನು ನೆಲಕ್ಕೆ ಅಪ್ಪಳಿಸುತ್ತಾರೆ, ನದಿಗೆ ಎಸೆಯುತ್ತಾರೆ, ಬೆಂಕಿಗೂ ಒಡ್ಡುತ್ತಾರೆ. 2024ರ ಜನವರಿ 1ರ ಭೂಕಂಪದಲ್ಲಿ ಆ ಪ್ರದೇಶ ಜರ್ಜರಿತವಾಯಿತು. ಆದರೂ ಅದೇ ಜುಲೈನಲ್ಲಿ ಹಬ್ಬ ನಡೆಸಿದರು. ಹೊಸ ವರ್ಷಕ್ಕೆ ಬರದವರೂ ಹಬ್ಬಕ್ಕೆ ಊರಿಗೆ ಬರುತ್ತಾರೆ ಎಂಬುದು ನೋತೋದವರ ಹೆಮ್ಮೆ. ಈಗ ಹೇಳಿ: ಓಸಾಕಾದಲ್ಲಿ ದುಡಿಯುತ್ತ, ವರ್ಷಕ್ಕೆ ಎರಡು ದಿನ ಊರಿಗೆ ಬಂದು ಹೊರುವವನು ಒಳಗಿನವನೋ ಹೊರಗಿನವನೋ? ಅದೇ ಬೀದಿಯಲ್ಲಿ ಬಾಡಿಗೆ ಕಟ್ಟಿ, ದಿನಾ ಬೆಳಿಗ್ಗೆ ಅದೇ ಜಾಗದಲ್ಲಿ ಕಸ ಇಡುವ ಸುಮಿದಾ ದಂಡೆ ಅವರು ಯಾರು?

ಹಳೆಪೇಟೆ
ಇದನ್ನೇ ನಾನು ಎರಡು ಸಾಲಿನಲ್ಲಿ ಹೇಳಿದ್ದೆ, ಆಗ ಯಾರೂ ಕೇಳಲಿಲ್ಲ.

ಸುಮಿದಾ ದಂಡೆ
ಎಲ್ಲರಿಗೂ ಧನ್ಯವಾದ. ಮಳೆಬಿಲ್ಲು ಅವರ ಪ್ರಶ್ನೆ ಯೋಚನೆಗೆ ಹಚ್ಚಿತು. ಆದರೆ ಬೀದಿಯಲ್ಲಿ ಇರುವುದೂ ಬೀದಿಗೆ ಸೇರುವುದೂ ಒಂದೇ ಎಂದು ನನಗೆ ಅನ್ನಿಸುವುದಿಲ್ಲ. ಇದುವರೆಗೆ ಸಂಘದ ಒಂದು ಸಭೆಗೂ ನಾನು ಹೋಗಿಲ್ಲ. ಇನ್ನು ನಾಚಿಕೆ ಬಿಟ್ಟು ಕೇಳುತ್ತೇನೆ: ನಾನು ಆರಡಿಗಿಂತ ಎತ್ತರ. ಹೊರುವಾಗ ತೊಂದರೆಯಾಗುತ್ತದೆಯೇ?

ನಿಶಿಕಸಾಯ್ ನಂಟು
ತೊಂದರೆ ಎಂದರೆ ಸಾಮಾನ್ಯ ತೊಂದರೆಯಲ್ಲ! ನಾನೂ ನಿಮ್ಮ ಜಾತಿಯವನೇ, ಎತ್ತರದ ಜಾತಿ. ಅಕ್ಕಪಕ್ಕದವರ ಹೆಗಲು ಕೋಲಿಗೆ ಮುಟ್ಟುವುದಕ್ಕೆ ಮೊದಲೇ ನಿಮ್ಮ ಹೆಗಲಿನ ಮೇಲೆ ಭಾರ ಕುಳಿತಿರುತ್ತದೆ. ಮಂಡಿ ಬಗ್ಗಿಸಿಯೇ ನಡೆಯಬೇಕು. ಆದ್ದರಿಂದ ಒಂದೇ ಎತ್ತರದವರ ಸಾಲು ಹುಡುಕಿ ಸೇರಿಕೊಳ್ಳಿ.

ಉಳಿದದ್ದು ಹೀಗೆ. ಉದ್ದದ ಕೋಲುಗಳನ್ನು ಅಡ್ಡ ಮರಗಳಿಗೆ ಬರೀ ಹಗ್ಗದಿಂದ ಬಿಗಿದಿರುತ್ತಾರೆ. ಹೊರಡುವ ಮುನ್ನ ಎರಡು ಗಟ್ಟಿ ಮರದ ತುಂಡುಗಳನ್ನು ಚಟ್ ಎಂದು ಬಡಿಯುತ್ತಾರೆ. ಆ ಸದ್ದಿಗೆ ಎಲ್ಲರೂ ಒಟ್ಟಿಗೆ ಏಳಬೇಕು. ಒಬ್ಬ ತಡವಾದರೂ ಪಕ್ಕದವನ ಕತ್ತು ಉಳುಕುತ್ತದೆ. ಕೋಲನ್ನು ಹೆಗಲ ತುದಿಯಲ್ಲಿ ಇಟ್ಟುಕೊಳ್ಳಬೇಡಿ, ಕತ್ತಿನ ಬುಡಕ್ಕೆ ಒತ್ತಿಕೊಳ್ಳಿ. ಮುಂದಿನವನ ಬೆನ್ನಿಗೆ ನಿಮ್ಮ ಎದೆ ತಾಗುವಷ್ಟು ಹತ್ತಿರವಿರಿ. ಹೆಜ್ಜೆ ಚಿಕ್ಕದು, "ಸೊಯಾ, ಸೆಯಾ" ಲಯಕ್ಕೆ ಸರಿಯಾಗಿ. ಲಯ ತಪ್ಪಿದವನ ಹೆಗಲಿಗೆ ಕೋಲು ಮೇಲಿಂದ ಇಳಿದು ಹೊಡೆಯುತ್ತದೆ. ಸುಸ್ತಾದರೆ ಹೀರೋ ಆಗಲು ಹೋಗದೆ ಹಿಂದಿನವನಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿಯಿರಿ. ಕೋಲಿನ ಮುಂತುದಿಯ ಹತ್ತಿರ ಮಾತ್ರ ಸುಳಿಯಬೇಡಿ, ಅದು ಬೀದಿಯ ಹಳಬರ ಜಾಗ, ಅದಕ್ಕಾಗಿಯೇ ಕೈಕೈ ಮಿಲಾಯಿಸುವವರಿದ್ದಾರೆ. ಕೊನೆಗೆ ಮರದ ಆಸರೆಗಳ ಮೇಲೆ ಮಿಕೋಶಿ ಇಳಿಸಿ ಎಲ್ಲರೂ ಸೇರಿ ಚಪ್ಪಾಳೆ ಹೊಡೆಯುತ್ತಾರೆ: ಮೂರು, ಮೂರು, ಮೂರು, ಒಂದು. ಅದಕ್ಕೆ ಮೊದಲು ಜಾಗ ಬಿಟ್ಟು ಓಡಿಹೋಗಬೇಡಿ, ಕೆಟ್ಟದಾಗಿ ಕಾಣುತ್ತದೆ.

ಜೀವನವಿಡೀ ಹೊತ್ತವರ ಹೆಗಲಿನ ಮೇಲೆ ಅಂಗೈಯಷ್ಟು ಅಗಲದ ಗಡ್ಡೆ ಎದ್ದಿರುತ್ತದೆ. ಸಾರ್ವಜನಿಕ ಸ್ನಾನಗೃಹದಲ್ಲಿ ಅಜ್ಜಂದಿರು ಅದನ್ನು ಪದಕ ತೋರಿಸುವಂತೆ ತೋರಿಸುತ್ತಾರೆ. ನಿಮ್ಮ ಬೀದಿಯಲ್ಲಿ ಕುರ್ಚಿ ಹಾಕಿ ಚಹಾ ಕುಡಿಯುತ್ತಿದ್ದವರ ಹೆಗಲನ್ನೂ ಒಮ್ಮೆ ನೋಡಿ.

ಬಸವನಹುಳು
ಚಹಾ ಕುಡಿಯುತ್ತ ಕುಳಿತವರು ಸುಮ್ಮನೆ ಕುಳಿತಿರುವುದಿಲ್ಲ ಎಂಬುದನ್ನೂ ಸೇರಿಸುತ್ತೇನೆ. ಹಬ್ಬದ ದಿನಗಳಲ್ಲಿ ಪ್ರತಿ ಬೀದಿಯಲ್ಲೂ ಒಂದು ಚಪ್ಪರ ಇರುತ್ತದೆ. ಮಿಕೋಶಿ ತಂಗುವುದು, ದೇವರಿಗೆ ಸಾಕೆ ಇಡುವುದು ಅಲ್ಲೇ. ಅದರ ಗೋಡೆಯ ತುಂಬ ಕಾಣಿಕೆ ಕೊಟ್ಟವರ ಹೆಸರು, ಮೊತ್ತ ಬರೆದ ಕಾಗದದ ಪಟ್ಟಿಗಳು. ಯಾರು ಎಷ್ಟು ಕೊಟ್ಟರು ಎಂದು ಬೀದಿಗೆಲ್ಲ ಗೊತ್ತಾಗುತ್ತದೆ. ಪೊಲೀಸರ ಅನುಮತಿ, ರಸ್ತೆ ಬಂದ್ ಮಾಡುವ ವೇಳಾಪಟ್ಟಿ, ಪಕ್ಕದ ಬೀದಿಯ ಗಡಿಯಲ್ಲಿ ಹೇಗೆ ನಮಸ್ಕರಿಸಬೇಕು ಎಂಬ ಮಾತುಕತೆ, ಅಂಗಿಗಳ ಲೆಕ್ಕ, ಮಳೆ ಬಂದರೆ ಹೊದಿಸುವ ಪ್ಲಾಸ್ಟಿಕ್, ಎಲ್ಲವೂ ಆ ಅಜ್ಜಂದಿರದು. ಹೆಗಲು ಕೊಡುವುದು ಒಂದು ದಿನದ ಕೆಲಸ. ನಾನು ನೋಡಿದ ಮಟ್ಟಿಗೆ, ಹವ್ಯಾಸಿ ಗುಂಪುಗಳ ಮೇಲೆ ಬೀದಿಯವರಿಗೆ ಸಿಟ್ಟು ಬರುವುದು ಅವರು ಹೊತ್ತದ್ದಕ್ಕಲ್ಲ, ಹೊತ್ತು ಮುಗಿದ ಕೂಡಲೇ ಮಾಯವಾಗುವುದಕ್ಕೆ. ಆಮೇಲೆ ರಸ್ತೆ ಗುಡಿಸುವವರು, ಹಗ್ಗ ಬಿಚ್ಚಿ ಒಣಗಿಸುವವರು ಬೇಕಲ್ಲ?

ಒಂಟಿಸಲಗ
ಇದನ್ನು ಮೊದಲೇ ಹೇಳಿದ್ದರೆ ಇಷ್ಟು ಜಗಳ ಇರುತ್ತಿರಲಿಲ್ಲ. ಗುಡಿಸುವುದಕ್ಕೂ ಬರುತ್ತೇನೆ ಎನ್ನುವವನು ಹೊರಲಿ, ನನ್ನ ತಕರಾರಿಲ್ಲ. ಬರೀ ಮೊಬೈಲಿಗೆ ವಿಡಿಯೋ ಬೇಕೆಂದು ಬರುವವನ ಬಗ್ಗೆ ನನ್ನ ಅಭಿಪ್ರಾಯ ಹಾಗೆಯೇ ಇದೆ.

ಮುಂಗಾರು
ವಿಡಿಯೋ ಎಂದಾಗ ನೆನಪಾಯಿತು. ಎರಡನೆಯ ಮಹಡಿಯ ಕಿಟಕಿಯಿಂದ, ಮೇಲಿನಿಂದ ಮಿಕೋಶಿಯನ್ನು ನೋಡುವುದು ಅಗೌರವ ಎಂದು ಹಿರಿಯರು ಗದರುತ್ತಾರೆ. ಗಾಜಿನ ಕಟ್ಟಡಗಳಿಂದ ತುಂಬಿರುವ ಟೋಕಿಯೋದಲ್ಲಿ ಇದನ್ನು ಪಾಲಿಸುವುದು ಹೇಗೋ, ಆ ದೇವರಿಗೇ ಗೊತ್ತು.

ಕಡಲೆಪುರಿ
ಕೊರೋನಾ ಕಾಲದಲ್ಲಿ ಏನು ಮಾಡಿದರು? ಒಬ್ಬರನ್ನೊಬ್ಬರು ಅಂಟಿಕೊಂಡೇ ಹೊರಬೇಕಲ್ಲ.

ಚರಿತ್ರೆಹುಳು
2020ರಲ್ಲಿ ಮೇ ತಿಂಗಳಿನಿಂದ ಅಕ್ಟೋಬರಿಗೆ ಮುಂದೂಡಿ, ದೊಡ್ಡ ಮಿಕೋಶಿಯನ್ನು ಟ್ರಕ್ಕಿನ ಮೇಲೆ ಕೂರಿಸಿ ಬೀದಿಗಳಲ್ಲಿ ತಿರುಗಿಸಿದರು. 2011ರಲ್ಲಿ ಭೂಕಂಪ, ಸುನಾಮಿಯಿಂದಾಗಿ ಹಬ್ಬವೇ ನಿಂತಿತ್ತು. 1945ರ ವಾಯುದಾಳಿಯಲ್ಲಿ ಸೆನ್ಸೋಜಿಯ ಮುಖ್ಯ ಮಂದಿರ ಸುಟ್ಟಿತು, ಹಳೆಯ ಮಿಕೋಶಿಗಳೂ ಸುಟ್ಟವು. ಈಗಿನವು ಯುದ್ಧದ ನಂತರ ಮಾಡಿಸಿದವು. ಪಕ್ಕದಲ್ಲೇ ಇದ್ದ, 1649ರಲ್ಲಿ ಶೋಗುನ್, ಅಂದರೆ ಸೇನಾಡಳಿತಗಾರ, ಇಯೆಮಿತ್ಸು ಕಟ್ಟಿಸಿದ ಅಸಾಕುಸಾ ಜಿಂಜಾ ಮಾತ್ರ ಉಳಿದುಕೊಂಡಿತು.

ಹಳೆಪೇಟೆ
ಟ್ರಕ್ಕಿನ ಮೇಲೆ ದೇವರು. ಅದಕ್ಕಿಂತ ಹೊರಗಿನವರ ಹೆಗಲು ವಾಸಿ ಎಂದು ಸಲಗದವರೂ ಒಪ್ಪಬಹುದು.

ಹಿಮೇಜಿ ಹಾದಿ
ಭಾರದ ಮಾತು ಬಂದದ್ದಕ್ಕೆ ಒಂದು ತಮಾಷೆ. ಟೋಕಿಯೋದಲ್ಲೇ ಇರುವ ಫುಕಾಗಾವಾದ ತೊಮಿಯೋಕಾ ಹಾಚಿಮಾನ್ ದೇಗುಲಕ್ಕೆ 1991ರಲ್ಲಿ ವಜ್ರ, ಮಾಣಿಕ್ಯ ಕೂರಿಸಿದ, ಸುಮಾರು 4.5 ಟನ್ನಿನ ಮಿಕೋಶಿ ಕಾಣಿಕೆ ಬಂತು. ಹೊರಲು ಹೋದರೆ ಭಾರ ವಿಪರೀತ. ಕೊನೆಗೆ 1997ರಲ್ಲಿ 2 ಟನ್ನಿನ ಇನ್ನೊಂದನ್ನು ಮಾಡಿಸಿದರು. ಮೊದಲನೆಯದು ಗಾಜಿನ ಹಿಂದೆ ಕುಳಿತಿದೆ. ದುಡ್ಡಿದ್ದರೆ ಚಿನ್ನ ಸಿಗುತ್ತದೆ, ಹೆಗಲು ಸಿಗುವುದಿಲ್ಲ.

ಮಳೆಬಿಲ್ಲು
ಫುಕಾಗಾವಾದ ಆಗಸ್ಟ್ ಹಬ್ಬದಲ್ಲಿ ಬೀದಿಯವರು ಬಕೆಟ್, ಕೊಳವೆಯಿಂದ ಹೊರುವವರ ಮೇಲೆ ನೀರು ಎರಚುತ್ತಾರೆ. ಬೇಸಿಗೆಯಲ್ಲಿ ಅದೇ ಸುಖ. ದೊಡ್ಡ ಹಬ್ಬ ಮೂರು ವರ್ಷಕ್ಕೊಮ್ಮೆ, 2023ರಲ್ಲಿ ಆಗಿತ್ತು, ಮುಂದಿನ ಲೆಕ್ಕ ನೀವೇ ಹಾಕಿಕೊಳ್ಳಿ. ಅಲ್ಲಿ ಕೂಗು "ವಾಸ್ಶೋಯ್", "ಸೊಯಾ" ಎಂದರೆ ಹಿರಿಯರು ತಿರುಗಿ ನೋಡುತ್ತಾರೆ.

ಚರಿತ್ರೆಹುಳು
ಅದೇ ಹಬ್ಬಕ್ಕೆ 1807ರಲ್ಲಿ ನುಗ್ಗಿದ ಜನರ ಭಾರಕ್ಕೆ ಎಯ್‌ತಾಯ್ ಸೇತುವೆ ಕುಸಿದು ಸಾವಿರಕ್ಕೂ ಹೆಚ್ಚು ಜನ ಸತ್ತರು ಎನ್ನುತ್ತಾರೆ. ಹಿಂದಿನವರಿಗೆ ಮುಂದಿನದು ಕಾಣದೆ ಒತ್ತುತ್ತಲೇ ಇದ್ದರಂತೆ. ಹಬ್ಬದ ಗದ್ದಲದಲ್ಲಿ ಪೊಲೀಸರು ಅಷ್ಟೊಂದು ಹಗ್ಗ ಕಟ್ಟಿ, ಧ್ವನಿವರ್ಧಕದಲ್ಲಿ ಕಿರುಚುವುದನ್ನು ಗೇಲಿ ಮಾಡುವವರಿಗೆ ಹೇಳುತ್ತಿದ್ದೇನೆ.

ಸುಮಿದಾ ದಂಡೆ
ಹಿರಿಯರಿಗೆ ಫೋನ್ ಮಾಡಿದೆ. ಶನಿವಾರಕ್ಕೇ ಕರೆದದ್ದಂತೆ. ಗುರುವಾರ ಸಂಜೆ ಚಪ್ಪರ ಹಾಕಲು ಜನ ಬೇಕೇ ಎಂದು ಕೇಳಿದೆ. "ಏಣಿ ಇಲ್ಲದೆ ದೀಪದ ಬುಟ್ಟಿ ಕಟ್ಟುವವರು ಸಿಕ್ಕಿದರು" ಎಂದು ನಕ್ಕರು. ಈಗ ಹೊಸ ಚಿಂತೆ: ಹೆಬ್ಬೆರಳು ಬೇರೆ ಮಾಡಿದ ಆ ಜಿಕಾತಾಬಿ ಬೂಟು ನನ್ನ ಕಾಲಿನ ಅಳತೆಗೆ ಎಲ್ಲಿ ಸಿಗುತ್ತದೆ?

ನಿಶಿಕಸಾಯ್ ನಂಟು
ಹಬ್ಬದ ಸಾಮಾನಿನ ಅಂಗಡಿಗಳಲ್ಲಿ ದೊಡ್ಡ ಅಳತೆ ಸಿಗುವುದು ಕಷ್ಟ. ಕಟ್ಟಡ ಕಾರ್ಮಿಕರ ಉಡುಪು ಮಾರುವ ಅಂಗಡಿಗೆ ಹೋಗಿ. ಅಟ್ಟ ಕಟ್ಟುವವರು ಕೆಲಸಕ್ಕೆ ಅದನ್ನೇ ಹಾಕುವುದು. ಅಟ್ಟೆಯಲ್ಲಿ ಗಾಳಿ ತುಂಬಿದ್ದನ್ನು ತೆಗೆದುಕೊಳ್ಳಿ, ಅಸಾಕುಸಾದ ರಸ್ತೆ ಗಟ್ಟಿ.

ಕಡಲೆಪುರಿ
ಅಟ್ಟೆಯಲ್ಲಿ ಗಾಳಿ ತುಂಬಿದರೆ ಇನ್ನೂ ಎರಡು ಸೆಂಟಿಮೀಟರ್ ಎತ್ತರ ಆಗುವುದಿಲ್ಲವೇ?

ನಿಶಿಕಸಾಯ್ ನಂಟು
ಅಯ್ಯೋ, ಹೌದಲ್ಲ. ಸಾದಾ ಅಟ್ಟೆಯದೇ ತೆಗೆದುಕೊಳ್ಳಿ, ಒಳಗೆ ದಪ್ಪ ಕಾಲುಚೀಲ ಹಾಕಿ.